ಬ್ಯಾಂಕಿನ ಬೀಗ ಮತ್ತು ಪಿತೂರಿಯ ಕಥನ: 1969ರ ರಾಜಕಾರಣದಲ್ಲಿ ಎಸ್. ನಿಜಲಿಂಗಪ್ಪ

ಹಣಕಾಸಿನ ಪಿತೂರಿಯನ್ನು ಕುರಿತ ಕಥನಗಳನ್ನು ಕೇವಲ ಸುಳ್ಳುಗಳೆಂದು ತಳ್ಳಿಹಾಕುವುದು ಇತಿಹಾಸಕಾರರ ರೂಢಿ. ಜಾನಪದದ ವಿದ್ಯಾರ್ಥಿಗೆ ಈ ದಾರಿ ಸಾಲದು. ಒಂದು ವದಂತಿಯಾಗಲಿ ಐತಿಹ್ಯವಾಗಲಿ ಜನರ ನಡುವೆ ನಿಲ್ಲಬೇಕಾದರೆ ಅದಕ್ಕೊಂದು ನಿಜವಾದ ಸಂಕಟದ ಆಧಾರವಿರಬೇಕು. ಆ ಸಂಕಟಕ್ಕೆ ಒಂದು ಮುಖವೂ ದೊರೆಯಬೇಕು. ಸಂಕಟ ನಿಜವಾಗಿದ್ದೂ ಮುಖ ತಪ್ಪಾಗಿರಬಹುದು. 1969ರ ಕಾಂಗ್ರೆಸ್ ವಿಭಜನೆಯ ಸಂದರ್ಭದಲ್ಲಿ ಇಂಥದೇ ಒಂದು ಕಥನಕ್ಕೆ ಒದಗಿದ ಮುಖ ಚಿತ್ರದುರ್ಗದ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರದು. ಆ ಮುಖ ಅವರಿಗೆ ಎಷ್ಟರಮಟ್ಟಿಗೆ ಹೊಂದುತ್ತಿತ್ತು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಮೊದಲು ಸಂಕಟವನ್ನು ನೋಡೋಣ. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ. ಸಹಕಾರ ಸಂಘಗಳದು ಸುಮಾರು 3. ವೃತ್ತಿಪರ ಲೇವಾದೇವಿಗಾರರು ಮತ್ತು ಬೇಸಾಯಗಾರ ಸಾಹುಕಾರರದು ಒಟ್ಟು ಸುಮಾರು 70. ಅರವತ್ತರ ದಶಕದ ಕೊನೆಗೂ ಬ್ಯಾಂಕ್ ಸಾಲದಲ್ಲಿ ಬೇಸಾಯಕ್ಕೆ ಸಲ್ಲುತ್ತಿದ್ದುದು ನೂರಕ್ಕೆ ಎರಡರ ಆಸುಪಾಸು. ಚಳ್ಳಕೆರೆ, ಹಿರಿಯೂರುಗಳಂತಹ ಮಳೆ ಕಡಿಮೆಯ ತಾಲ್ಲೂಕುಗಳಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಬಿತ್ತನೆಗೆ ಸಾಹುಕಾರ, ಮದುವೆಗೆ ಸಾಹುಕಾರ, ಮಳೆ ಕೈಕೊಟ್ಟರೆ ಮತ್ತೆ ಅದೇ ಸಾಹುಕಾರ. ವಾಣಿವಿಲಾಸ ಸಾಗರದ ನೀರು ಮುಟ್ಟದ ಹೊಲಗಳಲ್ಲಿ ಸಾಲವೆಂಬುದು ಋತುಮಾನದಷ್ಟೇ ಸಹಜವಾಗಿತ್ತು.

ಈ ಸೀಮೆಯ ಮೌಖಿಕ ಪರಂಪರೆ ಹಣವನ್ನು ಕಲ್ಪಿಸಿಕೊಂಡ ಬಗೆಯನ್ನೂ ಇಲ್ಲಿ ನೆನೆಯಬೇಕು. ದುರ್ಗದ ಕೋಟೆಯ ಸುತ್ತ ಪಾಳೆಯಗಾರರು ಹೂತಿಟ್ಟರೆನ್ನಲಾದ ನಿಧಿಯ ಐತಿಹ್ಯಗಳು ಬಹಳ. ಜಿಪುಣನು ಸತ್ತು ಹಾವಾಗಿ ಕೊಪ್ಪರಿಗೆಯನ್ನು ಕಾಯುವ ಆಶಯ ನಮ್ಮ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. (ನಿಧಿಯ ಆಸೆಗೆ ಹಳೆಯ ಗುಡಿಗಳ ಗರ್ಭಗೃಹ ಅಗೆದವರ ಸುದ್ದಿ ಈಗಲೂ ಪತ್ರಿಕೆಗಳಲ್ಲಿ ಕಾಣಿಸುತ್ತದೆ, ಐತಿಹ್ಯದ ಬಲವನ್ನು ಅಳೆಯಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.) ಈ ಕಲ್ಪನೆಯಲ್ಲಿ ಹಣವನ್ನು ಯಾರೂ ಹುಟ್ಟಿಸುವುದಿಲ್ಲ. ಅದು ಎಲ್ಲೋ ಇದ್ದೇ ಇದೆ, ಯಾರೋ ಅದರ ಮೇಲೆ ಕುಳಿತಿದ್ದಾರೆ, ಎಬ್ಬಿಸಿದರೆ ಎಲ್ಲರಿಗೂ ಸಿಗುತ್ತದೆ. ‘ಬ್ಯಾಂಕುಗಳು ಕೆಲವರ ಹಿಡಿತದಲ್ಲಿವೆ, ಸರ್ಕಾರ ಅವನ್ನು ಬಿಡಿಸಿತು’ ಎಂಬ ಮಾತು ಇಂಥ ಕಿವಿಗಳಿಗೆ ಅಪರಿಚಿತವಾಗಿ ಕೇಳಿಸುವ ಕಾರಣವೇ ಇರಲಿಲ್ಲವೆಂದು ನನಗೆ ತೋರುತ್ತದೆ.

ಇನ್ನು ಘಟನೆಗಳು. 1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಅದೇ ವರ್ಷದ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. 1969ರ ಏಪ್ರಿಲ್‌ನಲ್ಲಿ ಫರಿದಾಬಾದ್ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ ಸರ್ಕಾರಿ ಉದ್ಯಮಗಳ ಕಾರ್ಯವೈಖರಿಯನ್ನು ಟೀಕಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರು ಅದೇ ಅಧಿವೇಶನದಲ್ಲಿ ಅದಕ್ಕೆ ಪ್ರತಿಯಾಗಿ ಮಾತನಾಡಿದರು. ಜುಲೈ ಎರಡನೆಯ ವಾರ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಸಮಿತಿಯ ಮುಂದೆ ಇಂದಿರಾ ಅವರ ‘ಬಿಡಿ ಆಲೋಚನೆಗಳ’ ಟಿಪ್ಪಣಿ ಬಂತು. ಅದರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣದ ಪ್ರಸ್ತಾಪವೂ ಇತ್ತು. ಸಂಸದೀಯ ಮಂಡಳಿಯು ಅಲ್ಲಿಯೇ ರಾಷ್ಟ್ರಪತಿ ಸ್ಥಾನಕ್ಕೆ ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು. 19ರಂದು ಸುಗ್ರೀವಾಜ್ಞೆಯ ಮೂಲಕ 14 ಬ್ಯಾಂಕುಗಳು ರಾಷ್ಟ್ರದ ಸೊತ್ತಾದವು.

ಈ ಎರಡು ವಾರಗಳಲ್ಲಿ ಒಂದು ಅಧಿಕಾರದ ಜಗಳ ಆರ್ಥಿಕ ಧರ್ಮಯುದ್ಧವಾಗಿ ರೂಪಾಂತರ ಹೊಂದಿತು. ಕಾಮರಾಜ್, ಅತುಲ್ಯ ಘೋಷ್, ಎಸ್.ಕೆ. ಪಾಟೀಲ್, ಸಂಜೀವ ರೆಡ್ಡಿ, ನಿಜಲಿಂಗಪ್ಪ ಇವರ ಗುಂಪಿಗೆ ಪತ್ರಿಕೆಗಳು ಇಟ್ಟಿದ್ದ ‘ಸಿಂಡಿಕೇಟ್’ ಎಂಬ ಹೆಸರು ಈಗ ಬಂಡವಳಿಗರ ಕೈವಾಡ ಎಂಬ ಅರ್ಥವನ್ನು ಹೊತ್ತುಕೊಂಡಿತು. ಕನ್ನಡಿಗರ ಮಟ್ಟಿಗೆ ಇದರಲ್ಲೊಂದು ವಿಚಿತ್ರವಿದೆ. ಸಿಂಡಿಕೇಟ್ ಎಂದರೆ ಇಲ್ಲಿ ಮೊದಲಿಗೆ ನೆನಪಾಗುತ್ತಿದ್ದುದು ಒಂದು ಬ್ಯಾಂಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 1928ರಿಂದ ಪಿಗ್ಮಿ ಠೇವಣಿಯ ಹೆಸರಿನಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತಹ ಚಿಲ್ಲರೆ ಉಳಿತಾಯವನ್ನು ಕೂಡಿಸಿದ ಬ್ಯಾಂಕದು. ರಾಷ್ಟ್ರೀಕರಣಗೊಂಡ 14ರಲ್ಲಿ ಅದೂ ಒಂದು, ಮಂಗಳೂರಿನಲ್ಲಿ 1906ರಲ್ಲಿ ಸ್ಥಾಪನೆಯಾದ ಕೆನರಾ ಬ್ಯಾಂಕು ಇನ್ನೊಂದು. ಬಡವರ ಎರಡಾಣೆಯ ಬ್ಯಾಂಕೂ ಮುಂಬಯಿಯ ದೊಡ್ಡ ಮನೆತನಗಳ ಬ್ಯಾಂಕೂ ಕಥನದೊಳಗೆ ಒಂದೇ ಪೆಟ್ಟಿಗೆಯಾದವು. ಪಿತೂರಿಯ ಕಥನಕ್ಕೆ ಇಂಥ ವ್ಯತ್ಯಾಸಗಳು ಬೇಕಾಗುವುದಿಲ್ಲ.

ಹಾಗಾದರೆ ಪಿತೂರಿ ಇರಲೇ ಇಲ್ಲವೆ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಸಂಜೀವ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ದೊರಕಿಸಲು ನಿಜಲಿಂಗಪ್ಪನವರು ಸ್ವತಂತ್ರ ಮತ್ತು ಜನಸಂಘ ಪಕ್ಷಗಳ ನಾಯಕರೊಡನೆ ಮಾತುಕತೆ ನಡೆಸಿದ್ದು ನಿಜ. ಜಗಜೀವನ ರಾಮ್ ಹಾಗೂ ಫಕ್ರುದ್ದೀನ್ ಅಲಿ ಅಹಮದ್ ಅವರು ಇದನ್ನೇ ಹಿಡಿದು, ಸರ್ಕಾರವನ್ನು ಉರುಳಿಸುವ ಒಳಸಂಚೆಂದು ಆರೋಪಿಸಿದರು. ರಾಜಕೀಯ ಲೆಕ್ಕಾಚಾರವಾಗಿ ಅದು ಕೆಟ್ಟ ನಡೆ. ಕಾಂಗ್ರೆಸ್ಸಿನ ಅಧ್ಯಕ್ಷರೇ ತಮ್ಮ ಕೈಯಾರೆ ಎದುರಾಳಿಗಳಿಗೆ ಸಾಕ್ಷ್ಯ ಒದಗಿಸಿದಂತಾಯಿತು. ಆದರೆ ಬ್ಯಾಂಕುಗಳ ವಿಷಯದಲ್ಲಿ ಸಂಚಿನ ಆರೋಪ ನಿಲ್ಲುವುದು ಕಷ್ಟ. ಬ್ಯಾಂಕುಗಳ ಮೇಲೆ ‘ಸಾಮಾಜಿಕ ನಿಯಂತ್ರಣ’ ತರುವ ಕಾನೂನು ಮೊರಾರ್ಜಿಯವರ ಕಾಲದಲ್ಲೇ 1968ರಲ್ಲಿ ಆಗಿತ್ತು. ಬೆಂಗಳೂರಿನಲ್ಲಿ ಆರ್ಥಿಕ ನಿರ್ಣಯವನ್ನು ಮಂಡಿಸಿದವರೂ ಮೊರಾರ್ಜಿಯವರೇ. ಭೇದವಿದ್ದುದು ಹಿಡಿತದ ಪ್ರಮಾಣದಲ್ಲಿ, ಕಾಲದಲ್ಲಿ.

ಚಿತ್ರದುರ್ಗದಿಂದ ನೋಡಿದರೆ ಇನ್ನೊಂದು ಸಂಗತಿ ಎದ್ದುಕಾಣುತ್ತದೆ. 1967ರ ಲೋಕಸಭಾ ಚುನಾವಣೆಯಲ್ಲಿ ಈ ಕ್ಷೇತ್ರವನ್ನು ಗೆದ್ದವರು ಸ್ವತಂತ್ರ ಪಕ್ಷದ ಜೆ. ಮೊಹಮ್ಮದ್ ಇಮಾಂ. ಆಗ ರಾಜ್ಯದ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಯಾವ ಪಕ್ಷದೊಡನೆ ಸೇರಿ ಸಂಚು ಹೂಡಿದರೆಂದು ದಿಲ್ಲಿಯಲ್ಲಿ ಆರೋಪ ಬಂದಿತೋ ಅದೇ ಪಕ್ಷ ಅವರ ಸ್ವಂತ ನೆಲದಲ್ಲಿ ಅವರ ಪಕ್ಷವನ್ನು ಎರಡೇ ವರ್ಷಗಳ ಹಿಂದೆ ಸೋಲಿಸಿತ್ತು. ಅದಕ್ಕೂ ಮೊದಲು 1962ರಲ್ಲಿ ಹೊಸದುರ್ಗದ ಮತದಾರರು ನಿಜಲಿಂಗಪ್ಪನವರನ್ನೇ ಸೋಲಿಸಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರನ್ನು ವಿಧಾನಸಭೆಗೆ ಕಳಿಸಿದ್ದರು. ಕೆಲವು ತಿಂಗಳು ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾಗಿ ಬರಬೇಕಾಯಿತು. ಊರನ್ನೆಲ್ಲ ಮುಷ್ಟಿಯಲ್ಲಿ ಹಿಡಿದ ‘ಯಜಮಾನ’ರೆಂದು ದೇಶ ಕಲ್ಪಿಸಿಕೊಂಡ ವ್ಯಕ್ತಿಯ ಮಾತು ಹೊಸದುರ್ಗದಲ್ಲೇ ನಡೆದಿರಲಿಲ್ಲ.

ಜನರ ಪರವಾಗಿ ಖಜಾನೆಯ ಲೆಕ್ಕ ಕೇಳುವ ರಾಜಕಾರಣ ಈ ಭಾಗಕ್ಕೆ ಹೊಸದಲ್ಲ. ನೆರೆಯ ನಗರ ಸೀಮೆಯಲ್ಲಿ 1830-31ರಲ್ಲಿ ರೈತರು ದಂಗೆಯೆದ್ದರು. ಇಂತಿಷ್ಟು ಕಂದಾಯ ತಂದೇ ತರುವೆನೆಂದು ಅಮಲ್ದಾರರಿಂದ ಬರೆಸಿಕೊಳ್ಳುತ್ತಿದ್ದ ಶರ್ತಿನ ಪದ್ಧತಿ ಅದಕ್ಕೆ ಒಂದು ಮುಖ್ಯ ಕಾರಣ. ನಗರದ ಅರಸು ಮನೆತನದ ವಾರಸುದಾರ ತಾನೆಂದು ಹೇಳಿಕೊಂಡ ಬೂದಿ ಬಸವಪ್ಪನು ಬಾಕಿಯೆಲ್ಲ ಮನ್ನಾ, ಒಂದು ವರಹ ಕೊಡುವಲ್ಲಿ ಒಂದೇ ರೂಪಾಯಿ ಕೊಟ್ಟರೆ ಸಾಕು ಎಂದು ಸಾರಿದನು. ವರಹವೆಂದರೆ ಸುಮಾರು ಮೂರು ರೂಪಾಯಿ. ದಂಗೆ ಅಡಗಿತು, ಆದರೆ 1831ರಲ್ಲಿ ಮೈಸೂರಿನ ಆಡಳಿತ ಅರಸರ ಕೈತಪ್ಪಿ ಬ್ರಿಟಿಷರ ಕೈಸೇರಿತು. ಅಲ್ಲಿ ಅಧಿಕಾರದ ಹೊರಗಿದ್ದವನು ಅಧಿಕಾರಸ್ಥರ ವಂಚನೆಯನ್ನು ಎತ್ತಿ ಹೇಳಿದ್ದ. 1969ರ ವಿಶೇಷವೆಂದರೆ ಆಳುವವರೂ ದೂರುವವರೂ ಒಬ್ಬರೇ ಆದುದು. ದೊರೆ ಒಳ್ಳೆಯವನು, ನಡುವಿನ ಮಂತ್ರಿಗಳು ಕೆಟ್ಟವರು ಎನ್ನುವ ಜನಪದ ಕಥೆಯ ಹಳೆಯ ಚೌಕಟ್ಟನ್ನು ಸ್ವತಃ ಪ್ರಧಾನಿಯೇ ಬಳಸಿಕೊಂಡರು. ಇಪ್ಪತ್ತೆರಡು ವರ್ಷಗಳ ಆಳ್ವಿಕೆಯ ವೈಫಲ್ಯವೆಲ್ಲ ನಡುವಿನವರ ತಲೆಗೆ ಹೋಯಿತು.

ಎದುರು ಪಾಳೆಯವೂ ಇದೇ ಧಾಟಿಯಲ್ಲಿ ಮಾತನಾಡಿತು. ಇಂದಿರಾ ಅವರು ದೇಶವನ್ನು ಕಮ್ಯುನಿಸ್ಟರ ಕೈಗೆ ಒಪ್ಪಿಸುತ್ತಿದ್ದಾರೆಂಬುದು ಅದರ ಪಿತೂರಿ ಕಥನ. ಆದರೆ ಈ ಮಾತಿಗೆ ಹೊಲದಲ್ಲಿ ಬೇರಿರಲಿಲ್ಲ. ಸಾಲಕ್ಕಾಗಿ ಒಡವೆ ಗಿರವಿ ಇಟ್ಟವಳಿಗೆ ಮಾಸ್ಕೋದ ಭಯ ಯಾವ ಲೆಕ್ಕ? ನಿಜಲಿಂಗಪ್ಪನವರ ಪತ್ರಗಳಲ್ಲಿದ್ದ ಹೆಚ್ಚು ಗಂಭೀರವಾದ ಆಕ್ಷೇಪ, ಅಂದರೆ ವ್ಯಕ್ತಿನಿಷ್ಠೆಯೇ ಪಕ್ಷನಿಷ್ಠೆಯ ಅಳತೆಗೋಲಾಗುತ್ತಿದೆ ಎಂಬುದು, ಈ ಗದ್ದಲದಲ್ಲಿ ಮುಳುಗಿಹೋಯಿತು. 1975ರ ನಂತರ ಓದಿದವರಿಗಷ್ಟೇ ಅದರ ತೂಕ ತಿಳಿದೀತು. ನವೆಂಬರ್ 12ರಂದು ಅವರು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಪಕ್ಷ ಒಡೆಯಿತು.

ಮುಂದಿನದು ವೇಗವಾಗಿ ನಡೆಯಿತು. ರಾಷ್ಟ್ರೀಕರಣದ ಕಾನೂನನ್ನು 1970ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿದಾಗ ಕೆಲವೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ರಾಜಧನದ ರದ್ದತಿ ಮುಂದಿನ ಅಸ್ತ್ರ. ಮೈಸೂರು ಮಹಾರಾಜರಿಗೆ ಸಲ್ಲುತ್ತಿದ್ದ ವರ್ಷದ 26 ಲಕ್ಷ ರೂಪಾಯಿ ದೇಶದಲ್ಲೇ ಅತಿ ದೊಡ್ಡದಾದುದರಿಂದ ನಮ್ಮ ರಾಜ್ಯದಲ್ಲಿ ಆ ವಾದಕ್ಕೆ ಕಣ್ಣೆದುರಿನ ಉದಾಹರಣೆಯೇ ಇತ್ತು. 1971ರ ಚುನಾವಣೆಯಲ್ಲಿ ‘ಇಂದಿರಾ ಹಠಾವೋ’ ಎಂದವರಿಗೆ ‘ಗರೀಬಿ ಹಠಾವೋ’ ಎಂಬ ಉತ್ತರ ಬಂತು. ಸಂಸ್ಥಾ ಕಾಂಗ್ರೆಸ್ಸಿನ ಸರ್ಕಾರವಿದ್ದ ಮೈಸೂರು ರಾಜ್ಯದಲ್ಲಿ 27ಕ್ಕೆ 27 ಸ್ಥಾನಗಳೂ ಇಂದಿರಾ ಪಕ್ಷದ ಪಾಲಾದವು. ಚಿತ್ರದುರ್ಗದಲ್ಲಿ ಕೊಂಡಜ್ಜಿ ಬಸಪ್ಪನವರು ಗೆದ್ದರು. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು.

ಈ ಗೆಲುವು ಬರಿಯ ಮಾತಿನದೆನ್ನುವುದು ಅನ್ಯಾಯ. ಬ್ಯಾಂಕ್ ಶಾಖೆಗಳು ಹಳ್ಳಿಗಳಿಗೆ ಬಂದವು. ಲೀಡ್ ಬ್ಯಾಂಕ್ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆ ಕೆನರಾ ಬ್ಯಾಂಕಿನ ಹೊಣೆಗೆ ಸೇರಿತು. 1976ರಲ್ಲಿ ಅರಸು ಸರ್ಕಾರದ ಋಣ ಪರಿಹಾರ ಕಾಯಿದೆ ಬಂತು. ಎಂಬತ್ತರ ದಶಕದಲ್ಲಿ ಕೇಂದ್ರದ ಹಣಕಾಸು ರಾಜ್ಯ ಸಚಿವ ಜನಾರ್ದನ ಪೂಜಾರಿಯವರ ಸಾಲಮೇಳಗಳು ನಡೆದವು. ಸಾಲಕ್ಕೆ ಮೇಳವೆಂಬ ಹೆಸರು ಕೂಡಿದ್ದನ್ನು ಜಾನಪದ ವಿದ್ವಾಂಸರು ಗಮನಿಸಬೇಕಿತ್ತು. ಸಾಹುಕಾರನ ಬಾಗಿಲಲ್ಲಿ ಒಬ್ಬಂಟಿಯಾಗಿ, ತಲೆತಗ್ಗಿಸಿ ಪಡೆಯುತ್ತಿದ್ದುದನ್ನು ಶಾಮಿಯಾನದ ಕೆಳಗೆ ಸಾವಿರ ಜನರೆದುರು ಪಡೆಯುವ ಆಚರಣೆಯದು. ಹಾವು ಎದ್ದಿತು, ಕೊಪ್ಪರಿಗೆ ತೆರೆಯಿತು ಎಂಬ ಕಥೆಗೆ ಇದಕ್ಕಿಂತ ಒಳ್ಳೆಯ ರಂಗಸಜ್ಜಿಕೆ ಬೇರೊಂದಿಲ್ಲ. ತೀರದ ಸಾಲದ ನೋಟೀಸುಗಳು ಬಂದದ್ದು ಆಮೇಲೆ.

ನಿಜಲಿಂಗಪ್ಪನವರು ಮುಂದೆ ಮೂರು ದಶಕ ಬದುಕಿದ್ದು, 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ತೀರಿಕೊಂಡರು. ಊರಿನ ಹೊರಗೆ ಸೀಬಾರದಲ್ಲಿ ಅವರ ಸ್ಮಾರಕವಿದೆ. ಅವರ ಹೆಸರಿಗೆ ಅಂಟಿಕೊಂಡಿದ್ದ ಆ ಪದವನ್ನು ಹೊತ್ತಿದ್ದ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು.