ಬಿಲ್ಲಿನ ಹೆದೆಯಿಂದ ಅಲೆಯವರೆಗೆ

ಕುಂಚಾವರಂ ಅರಣ್ಯಸೀಮೆಗೆ ನೆರೆಯಾದ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ನೃಪತುಂಗನೆಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ ಕವಿರಾಜಮಾರ್ಗವು ನೆನಪಾಗುವುದು ಸಹಜ. ಆದರೆ ಆ ದೊರೆಯನ್ನೇ ಸ್ತುತಿಸಿ ಮಹಾವೀರಾಚಾರ್ಯನು ಸುಮಾರು 850ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವೂ ಸ್ಮರಣೀಯವೇ. ಅದರಲ್ಲಿ ಬಿಲ್ಲಿನಾಕಾರದ ಕ್ಷೇತ್ರಗಳನ್ನು ಹೆದೆ, ಬಾಣಗಳ ಅಳತೆಯಿಂದ ಲೆಕ್ಕಿಸುವ ಸೂತ್ರಗಳಿವೆ. ಇಂದು ವಿದ್ಯಾರ್ಥಿಗಳನ್ನು ಅಂಜಿಸುವ ‘ಸೈನ್’, ‘ಕೊಸೈನ್’ಗಳ ಮೂಲವೂ ಈ ಹೆದೆಯೇ.

ಹೆದೆಗೆ ಸಂಸ್ಕೃತದಲ್ಲಿ ಜ್ಯಾ, ಜೀವಾ ಎಂದು ಹೆಸರು. ಇಡೀ ಹೆದೆಯನ್ನು ಬಿಟ್ಟು ಅದರ ಅರ್ಧವನ್ನು ಹಿಡಿದದ್ದು ನಮ್ಮ ಜ್ಯೋತಿರ್ವಿದರ ಹೆಗ್ಗಳಿಕೆ. ‘ಜೀವಾ’ ಅರಬ್ಬಿಗೆ ಹೋಗಿ, ಅಲ್ಲಿ ಮಡಿಲೆಂಬ ಅರ್ಥದ ‘ಜೈಬ್’ ಎಂದು ಓದಲ್ಪಟ್ಟು, ಲ್ಯಾಟಿನ್ನಿನಲ್ಲಿ ‘ಸೈನಸ್’ ಆಯಿತು.

ವೃತ್ತದ ಮೇಲೆ ಬಿಂದುವೊಂದು ಸಮವೇಗದಿಂದ ಸುತ್ತುತ್ತಿದೆಯೆಂದು ಭಾವಿಸೋಣ. ಅಡ್ಡವ್ಯಾಸದಿಂದ ಅದರ ಎತ್ತರವೇ ಜ್ಯಾ. ಕೇಂದ್ರದಿಂದ ಅದರ ಅಡ್ಡದೂರವೇ ಕೋಟಿಜ್ಯಾ. ಕೋನ ಸೊನ್ನೆಯಾದಾಗ ಜ್ಯಾ ಸೊನ್ನೆ, ಕೋಟಿಜ್ಯಾ ಪೂರ್ಣ. 90 ಅಂಶಕ್ಕೆ ಇದು ತಿರುಗುಮುರುಗು. ಕೋನ ಬೆಳೆದಂತೆ ಎತ್ತರವನ್ನು ಸಾಲಾಗಿ ಗುರುತಿಸಿದರೆ ಅಲೆ ಮೂಡುತ್ತದೆ. ಕೋಟಿಜ್ಯೆಯದೂ ಅದೇ ಅಲೆ, 90 ಅಂಶ ಮುಂದಿರುವಂಥದು.

ಈ ಅಲೆಯ ಚಿತ್ರ ಯುರೋಪಿನಲ್ಲಿ ಮುಂದೆ ಮೂಡಿದ್ದು. ಆದರೆ ಅದರ ಆಕಾರವು ಸುಮಾರು 499ರ ಆರ್ಯಭಟೀಯದ ಅಂಕಿಗಳಲ್ಲೇ ಅಡಗಿದೆ. ವೃತ್ತಪಾದವನ್ನು 24 ಭಾಗ ಮಾಡಿ, 3438 ಕಲೆಗಳ ತ್ರಿಜ್ಯಕ್ಕೆ ಆತನು ಕೊಟ್ಟ ಜ್ಯಾವ್ಯತ್ಯಾಸಗಳು 225, 224, 222, 219 ಎಂದಾರಂಭವಾಗಿ 7ರಲ್ಲಿ ಮುಗಿಯುತ್ತವೆ. ಏರು ಮೊದಲು ಕಡಿದು, ನೆತ್ತಿಯಲ್ಲಿ ಬಹುತೇಕ ಸಮತಟ್ಟು!

ಆ ವ್ಯತ್ಯಾಸವು ಕೋಟಿಜ್ಯೆಯನ್ನು ಅನುಸರಿಸುತ್ತದೆಂಬ ಮರ್ಮವನ್ನು 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯನು ಗ್ರಹಗತಿಯ ಲೆಕ್ಕಕ್ಕೆ ಬಳಸಿದನು. ಆತನು ಬಸವಣ್ಣನವರ ಸಮಕಾಲೀನ. ಆತನ ಊರಾದ ವಿಜ್ಜಡವಿಡವನ್ನು ವಿಜಾಪುರವೆಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ.

ಆತನ ಮೊಮ್ಮಗ ಚಾಂಗದೇವನು, ತಾತನ ಗ್ರಂಥಗಳ ಪಠನಕ್ಕಾಗಿಯೇ ಮಠವೊಂದನ್ನು ಸ್ಥಾಪಿಸಿದನೆಂದು ಚಾಳೀಸಗಾಂವ್ ಸಮೀಪದ ಪಾಟಣದ 1207ರ ಶಾಸನ ಸಾರುತ್ತದೆ. ಗಣಿತವು ಮಠದ ಅಂಗಳಕ್ಕೆ ಹೊರಗಿನದಲ್ಲ. ಪೂರ್ವಿಕರ ಹೆಸರೆತ್ತಿ ಹೆಮ್ಮೆಪಟ್ಟು ಸುಮ್ಮನಾಗುವುದಕ್ಕಿಂತ, ಅಲೆಯನ್ನು ಬಾಯಿಪಾಠ ಮಾಡುವ ಬಾಲಕನಿಗೆ ಮೊದಲು ವೃತ್ತವನ್ನೂ ಹೆದೆಯನ್ನೂ ತೋರಿಸುವುದೇ ಅವರಿಗೆ ಸಲ್ಲುವ ಗೌರವ.