ದೂರದ ಗೆಲಾಕ್ಸಿಗಳ ಕ್ಷೀಣ ದನಿ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಇಲ್ಲಿ ಬಹುಕಾಲ ವಿಜ್ಞಾನ ಪಾಠ ಮಾಡಿದ ನಾನು ವಿಜ್ಞಾನದ ಚರಿತ್ರೆಯ ಒಂದು ಅಧ್ಯಾಯವನ್ನೇ ಆರಿಸಿಕೊಂಡಿದ್ದೇನೆ. ಯಾರೋ ಬೇರೊಂದು ಉದ್ದೇಶಕ್ಕಾಗಿ ಬರೆದಿಟ್ಟ ಲೆಕ್ಕದ ನೆರವಿನಿಂದ ನಮ್ಮ ದೇಶದ ವಿಜ್ಞಾನಿಗಳು ಅತಿ ದೂರದ ದನಿಯೊಂದನ್ನು ಕೇಳಿಸಿಕೊಂಡ ಕಥೆ ಇದು.

ನಕ್ಷತ್ರಗಳು ಹುಟ್ಟುವುದು ಮುಖ್ಯವಾಗಿ ಹೈಡ್ರೋಜನ್ ಅನಿಲದಿಂದ. ನಮ್ಮ ಕಾಲದ ಪುಸ್ತಕಗಳಲ್ಲಿ ಇದಕ್ಕೆ ಜಲಜನಕ ಎಂಬ ಹೆಸರಿತ್ತು. ಈ ಅನಿಲದ ಪರಮಾಣು 21 ಸೆಂ.ಮೀ. ಉದ್ದದ ರೇಡಿಯೋ ಅಲೆಯನ್ನು ಹೊರಡಿಸಬಲ್ಲದೆಂದು 1944ರಲ್ಲಿ, ಜರ್ಮನ್ ಸೇನೆಯ ವಶದಲ್ಲಿದ್ದ ಹಾಲೆಂಡಿನಲ್ಲಿ, ವಾನ್ ಡಿ ಹುಲ್ಸ್ಟ್ ಎಂಬ ಯುವಕ ಲೆಕ್ಕಹಾಕಿ ತೋರಿಸಿದ. 1951ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಈವೆನ್ ಮತ್ತು ಪರ್ಸೆಲ್ ಆ ಅಲೆಯನ್ನು ಹಿಡಿದೇಬಿಟ್ಟರು. ಅವರ ಉಪಕರಣವೆಂದರೆ ಪ್ರಯೋಗಾಲಯದ ಕಿಟಕಿಯಾಚೆ ಚಾಚಿದ್ದ ದೊಡ್ಡ ಕಹಳೆಯಂಥ ಆಂಟೆನಾ. ಹುಡುಗರು ಅದರೊಳಗೆ ಹಿಮದ ಉಂಡೆ ಎಸೆಯುತ್ತಿದ್ದರಂತೆ!

ನಮ್ಮ ಆಕಾಶಗಂಗೆಯ ದನಿ ಹೀಗೆ ಸಿಕ್ಕಿತು. ಆದರೆ ದೂರ ಹೋದಂತೆ ಈ ಅಲೆ ತೀರ ಕ್ಷೀಣ. ಅದನ್ನು ಹಿಡಿಯಬೇಕೆಂಬ ಹಂಬಲ ಹೊತ್ತವರು ನಮ್ಮ ಪ್ರೊಫೆಸರ್ ಗೋವಿಂದ ಸ್ವರೂಪ್. ಊಟಿಯ ಬೆಟ್ಟದ ಇಳಿಜಾರಿನಲ್ಲಿ ರೇಡಿಯೋ ದೂರದರ್ಶಕ ಕಟ್ಟಿದ ಅವರು, 1990ರ ದಶಕದಲ್ಲಿ ಪುಣೆ ಜಿಲ್ಲೆಯ ಖೋಡದ್ ಗ್ರಾಮದ ಬಳಿ ಇನ್ನೊಂದನ್ನು ಕಟ್ಟಿಸಿದರು. ಅದೇ ಜಿ.ಎಂ.ಆರ್.ಟಿ. ತಲಾ 45 ಮೀಟರ್ ಅಗಲದ 30 ಡಿಶ್‌ಗಳು ಅಲ್ಲಿ ಸುಮಾರು 25 ಕಿ.ಮೀ. ಹರಹಿನಲ್ಲಿ ನಿಂತಿವೆ.

ಆದರೂ ಕೋಟ್ಯಂತರ ಜ್ಯೋತಿರ್ವರ್ಷ ದೂರದ ಒಂದೊಂದೇ ಗೆಲಾಕ್ಸಿಯ ದನಿ ಅದಕ್ಕೂ ಕೇಳಿಸದು. ಅದಕ್ಕೊಂದು ಉಪಾಯ ಉಂಟು. ನಮ್ಮ ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗಿ ನಾಡಗೀತೆ ಹಾಡಿದರೆ ಊರಾಚೆ ಕೇಳಿಸದು. ಎಲ್ಲ ಮಕ್ಕಳೂ ಒಟ್ಟಿಗೆ ಹಾಡಿದರೆ ಕೇಳಿಸುತ್ತದೆ. ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಹಾಡಿದರೆ ಮಾತ್ರ ಅದು ಬರೀ ಗದ್ದಲ. ಗೆಲಾಕ್ಸಿಗಳ ತೊಡಕೂ ಇದೇ. ವಿಶ್ವ ಹಿಗ್ಗುತ್ತಿರುವುದರಿಂದ ಅಲೆಯೂ ದಾರಿಯಲ್ಲಿ ಹಿಗ್ಗುತ್ತದೆ. ಸುಮಾರು 800 ಕೋಟಿ ವರ್ಷ ಹಿಂದೆ ಹೊರಟ 21 ಸೆಂ.ಮೀ. ಅಲೆ ನಮ್ಮನ್ನು ತಲುಪುವಾಗ ಸುಮಾರು 42 ಸೆಂ.ಮೀ. ಆಗಿರುತ್ತದೆ. ಪ್ರತಿ ಗೆಲಾಕ್ಸಿಗೂ ಈ ಹಿಗ್ಗು ಬೇರೆ ಬೇರೆ. ಅದು ಎಷ್ಟೆಂದು ಮೊದಲೇ ತಿಳಿದಿದ್ದರೆ ಎಲ್ಲವನ್ನೂ ಒಂದೇ ಶ್ರುತಿಗೆ ತಂದು ಕೂಡಿಸಬಹುದು. ಆಗ ದನಿ ಕೂಡುತ್ತದೆ, ಗದ್ದಲ ಬಹುಮಟ್ಟಿಗೆ ಕರಗುತ್ತದೆ. ಲಾಭದ ಲೆಕ್ಕ ವರ್ಗಮೂಲದ್ದು: 100 ಗೆಲಾಕ್ಸಿ ಕೂಡಿಸಿದರೆ ಸ್ಪಷ್ಟತೆ 10 ಪಟ್ಟು, 10,000 ಕೂಡಿಸಿದರೆ 100 ಪಟ್ಟು.

ಈ ಹಿಗ್ಗಿನ ಪಟ್ಟಿ ಸಿಕ್ಕಿದ್ದು ಹವಾಯಿ ದ್ವೀಪದಿಂದ. ಅಲ್ಲಿನ ಪರ್ವತದ ಮೇಲಿರುವ 10 ಮೀಟರ್ ಕನ್ನಡಿಯ ಕೆಕ್ ದೂರದರ್ಶಕದಿಂದ ಅಮೆರಿಕದ ಖಗೋಳವಿಜ್ಞಾನಿಗಳು 'ಡೀಪ್-2' ಎಂಬ ಸಮೀಕ್ಷೆ ನಡೆಸಿ, ಸಾವಿರಾರು ಗೆಲಾಕ್ಸಿಗಳ ಬೆಳಕನ್ನು ಅಳೆದು, ಆ ಪಟ್ಟಿಯನ್ನು ಎಲ್ಲರಿಗೂ ಮುಕ್ತವಾಗಿ ಇಟ್ಟಿದ್ದರು. ಪುಣೆಯ ಆದಿತ್ಯ ಚೌಧುರಿ, ನಿಸ್ಸೀಮ್ ಕಾಣೇಕರ್, ಜಯರಾಮ್ ಚೆಂಗಲೂರ್ ಹಾಗೂ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ, ಕೆ. ಎಸ್. ದ್ವಾರಕಾನಾಥ್ ಅದೇ ಆಕಾಶಭಾಗದತ್ತ ಜಿ.ಎಂ.ಆರ್.ಟಿ.ಯನ್ನು ಸುಮಾರು 100 ಗಂಟೆ ತಿರುಗಿಸಿ, 7,653 ಗೆಲಾಕ್ಸಿಗಳ ಸಂಕೇತಗಳನ್ನು ಕೂಡಿಸಿದರು. ದನಿ ಕೇಳಿಸಿತು.

ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು 800ರಿಂದ 1,000 ಕೋಟಿ ವರ್ಷ ಹಿಂದೆ ಪರಾಕಾಷ್ಠೆಯಲ್ಲಿದ್ದು, ಆಮೇಲೆ ಇಳಿಯುತ್ತ ಬಂದಿದೆ. ಏಕೆಂಬುದು ಒಗಟಾಗಿತ್ತು. ಆ ಗೆಲಾಕ್ಸಿಗಳಲ್ಲಿ ಸರಾಸರಿ 1,200 ಕೋಟಿ ಸೂರ್ಯರ ತೂಕದಷ್ಟು ಹೈಡ್ರೋಜನ್ ಇತ್ತೆಂದು ಈಗ ಗೊತ್ತಾಯಿತು. ಕೇಳಲು ಬಹಳ ಎನಿಸಿದರೂ, ಅಂದಿನ ಖರ್ಚಿನ ವೇಗಕ್ಕೆ ಅದು 100–200 ಕೋಟಿ ವರ್ಷಕ್ಕಷ್ಟೇ ಸಾಲುತ್ತಿತ್ತು. ಕಣಜಕ್ಕೆ ಹೊಸ ಅನಿಲ ಸಾಕಷ್ಟು ಬಾರದೆ ಹೋದದ್ದೇ ನಕ್ಷತ್ರಗಳ ಹುಟ್ಟು ಕುಗ್ಗಲು ಕಾರಣವಿರಬೇಕೆಂದು ಅವರು ತರ್ಕಿಸಿದರು.

ಈ ಫಲಿತಾಂಶ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದದ್ದು 2020ರ ಅಕ್ಟೋಬರ್‌ನಲ್ಲಿ. ಗೋವಿಂದ ಸ್ವರೂಪ್ ಅದರ ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು. ಕೆಕ್‌ನಲ್ಲಿ ರಾತ್ರಿಗಟ್ಟಲೆ ಕುಳಿತು ಪಟ್ಟಿ ಬರೆದವರ ಉದ್ದೇಶವೂ ಬೇರೆಯೇ ಇತ್ತು. ಆದರೂ ಒಬ್ಬರು ಕಟ್ಟಿದ್ದು, ಇನ್ನೊಬ್ಬರು ನಿಖರವಾಗಿ ಬರೆದು ಮುಚ್ಚುಮರೆಯಿಲ್ಲದೆ ಹಂಚಿದ್ದು, ಮೂರನೆಯವರ ಕೈಯಲ್ಲಿ ಫಲಕೊಟ್ಟಿತು. ಪ್ರಯೋಗದ ವಹಿಯಲ್ಲಿ ಕಂಡದ್ದನ್ನು ಕಂಡಂತೆ ಬರೆಯಿರಿ ಎಂದು ಮಕ್ಕಳಿಗೆ ನಾನು ಹೇಳುತ್ತಿದ್ದುದು ಇದಕ್ಕಾಗಿಯೇ.

ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರವರಿ 28ರ ಹೊತ್ತಿಗೆ ಜಿ.ಎಂ.ಆರ್.ಟಿ.ಯನ್ನು ಶಾಲಾ ಮಕ್ಕಳಿಗೂ ಸಾರ್ವಜನಿಕರಿಗೂ ತೋರಿಸುವ ಪದ್ಧತಿಯಿದೆ. ಹಳೆಯ ವಿದ್ಯಾರ್ಥಿಗಳ ಸಂಘದವರಲ್ಲಿ ನನ್ನದೊಂದು ವಿನಂತಿ: ಈ ಸುವರ್ಣ ವರ್ಷದ ನೆನಪಿಗೆ ನಮ್ಮ ಹತ್ತನೆಯ ತರಗತಿಯ ಮಕ್ಕಳನ್ನು ಒಮ್ಮೆ ಖೋಡದ್‌ಗೆ ಕರೆದುಕೊಂಡು ಹೋಗಿ. ಹೊಲಗಳ ನಡುವೆ ನಿಂತ ಆ ಡಿಶ್‌ಗಳನ್ನು ಅವರು ಕಣ್ಣಾರೆ ನೋಡಲಿ.