ಬರಿದಾದ ಬೊಕ್ಕಸ, ತೆರೆಯ ಮೇಲಿನ ನಗೆ: ‘ಡಕ್ ಸೂಪ್’ ಚಿತ್ರದ ಚರಿತ್ರೆ

‘ಡಕ್ ಸೂಪ್’ 1933ರ ನವೆಂಬರ್‌ನಲ್ಲಿ ತೆರೆಕಂಡ ಅಮೆರಿಕದ ವಿಡಂಬನಾ ಚಿತ್ರ. ಪ್ಯಾರಮೌಂಟ್ ಸಂಸ್ಥೆ ನಿರ್ಮಿಸಿ ಲಿಯೋ ಮೆಕೇರಿ ನಿರ್ದೇಶಿಸಿದ ಈ ಚಿತ್ರದ ಅವಧಿ 68 ನಿಮಿಷ. ದಿವಾಳಿಯೆದ್ದ ಫ್ರೀಡೋನಿಯಾ ಎಂಬ ಪುಟ್ಟ ದೇಶ ಸಾಲಕ್ಕಾಗಿ ಒಬ್ಬ ಸಿರಿವಂತ ವಿಧವೆಯ ಮುಂದೆ ಕೈಯೊಡ್ಡುತ್ತದೆ. ಆಕೆ ಬೆರಳು ತೋರಿಸಿದವನೇ ದೇಶದ ನಾಯಕನಾಗುತ್ತಾನೆ. ಅವನ ನಾಲಗೆಯ ಚಪಲಕ್ಕೆ ನೆರೆಯ ದೇಶದೊಂದಿಗೆ ಯುದ್ಧವೇ ನಡೆದುಹೋಗುತ್ತದೆ. ಗ್ರೌಚೊ, ಚಿಕೊ, ಹಾರ್ಪೊ, ಜೆಪ್ಪೊ ಎಂಬ ಮಾರ್ಕ್ಸ್ ಸಹೋದರರು ನಾಲ್ವರೂ ಒಟ್ಟಾಗಿ ನಟಿಸಿದ ಕೊನೆಯ ಚಿತ್ರ ಇದು. ಬೊಕ್ಕಸ ಬರಿದಾದಾಗ ಅಧಿಕಾರ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಹಾಸ್ಯಚಿತ್ರಗಳು ವಿರಳ.

ದಿವಾಳಿ ದೇಶದ ಕಥೆ ಮಾರ್ಕ್ಸ್ ಸಹೋದರರಿಂದ ಶುರುವಾದದ್ದಲ್ಲ. ಯುರೋಪಿನ ಭೂಪಟದಲ್ಲಿ ಇಲ್ಲದ ಸಣ್ಣ ರಾಜ್ಯಗಳನ್ನು ಕಲ್ಪಿಸಿ ಕಥೆ ಹೆಣೆಯುವ ರೂಢಿ ಆಂಥೊನಿ ಹೋಪ್ 1894ರಲ್ಲಿ ಬರೆದ ‘ದಿ ಪ್ರಿಸನರ್ ಆಫ್ ಜೆಂಡಾ’ ಕಾದಂಬರಿಯಿಂದ ಜನಪ್ರಿಯವಾಯಿತು. ಅಲ್ಲಿನ ರುರಿಟೇನಿಯಾ ಕತ್ತಿವರಸೆಗೂ ಪ್ರಣಯಕ್ಕೂ ಹೆಸರಾದ ನಾಡು. ಅಂಥ ನಾಡಿಗೆ ಹಣದ ಚಿಂತೆಯನ್ನು ತಂದಿಟ್ಟದ್ದು ಫ್ರಾಂಜ್ ಲೆಹಾರ್‌ನ ಗೀತನಾಟಕ ‘ದಿ ಮೆರ್‍ರಿ ವಿಡೋ’. ಅದರ ಮೊದಲ ಪ್ರದರ್ಶನ ವಿಯೆನ್ನಾದಲ್ಲಿ 1905ರ ಡಿಸೆಂಬರ್ 30ರಂದು ನಡೆಯಿತು. ಪೊಂಟೆವೆದ್ರೊ ಎಂಬ ಬಾಲ್ಕನ್ ರಾಜ್ಯದ ಬೊಕ್ಕಸ ಬರಿದಾಗಿದೆ. ದೇಶದ ಹೆಚ್ಚಿನ ಸಂಪತ್ತು ಹಾನಾ ಎಂಬ ವಿಧವೆಯ ಹೆಸರಿನಲ್ಲಿದೆ. ಆಕೆ ಪ್ಯಾರಿಸ್‌ನಲ್ಲಿ ಪರದೇಶದವನನ್ನು ಮದುವೆಯಾದರೆ ಎರಡು ಕೋಟಿಯ ಆಸ್ತಿ ಗಡಿ ದಾಟಿ ಹೋಗುತ್ತದೆ. ಅದನ್ನು ತಡೆಯಲು ಸ್ವದೇಶದ ವರನೊಬ್ಬನನ್ನು ಒಪ್ಪಿಸುವುದೇ ರಾಯಭಾರಿಯ ಕೆಲಸ. ಪೊಂಟೆವೆದ್ರೊ ಎಂದರೆ ಮಾಂಟೆನೆಗ್ರೊ ಎಂಬುದು ಅಂದಿನ ಪ್ರೇಕ್ಷಕರಿಗೆ ಗೊತ್ತೇ ಇತ್ತು. ನಾಟಕದ ನಾಯಕ ಡ್ಯಾನಿಲೊ, ಮಾಂಟೆನೆಗ್ರೊದ ಯುವರಾಜನ ಹೆಸರೂ ಡ್ಯಾನಿಲೊ. ಸಾಲದ ದೇಶ, ಹಣವಂತ ವಿಧವೆ, ಆಕೆಯ ಮದುವೆಯ ಸುತ್ತ ರಾಯಭಾರಿಯ ಹವಣಿಕೆ ಎಂಬ ಈ ಚೌಕಟ್ಟು ಇಪ್ಪತ್ತೆಂಟು ವರ್ಷಗಳ ನಂತರ ‘ಡಕ್ ಸೂಪ್’ನಲ್ಲಿ ಮತ್ತೆ ಕಾಣಿಸಿತು. ಅಲ್ಲಿಯೂ ಕೇಳುವ ಮೊತ್ತ ಎರಡು ಕೋಟಿಯೇ, ಆದರೆ ಡಾಲರುಗಳಲ್ಲಿ.

ಹಾಲಿವುಡ್ಡಿನಲ್ಲಿ ಇದೇ ದಾರಿಯಲ್ಲಿ ‘ಡಕ್ ಸೂಪ್’ಗಿಂತ ಒಂದು ವರ್ಷ ಮೊದಲು ಬಂದದ್ದು ಪ್ಯಾರಮೌಂಟ್‌ನದೇ ‘ಮಿಲಿಯನ್ ಡಾಲರ್ ಲೆಗ್ಸ್’ (1932). ಕ್ಲಾಪ್‌ಸ್ಟೋಕಿಯಾ ಎಂಬ ದಿವಾಳಿ ದೇಶದಲ್ಲಿ ಗಂಡಸರಿಗೆಲ್ಲ ಜಾರ್ಜ್, ಹೆಂಗಸರಿಗೆಲ್ಲ ಆಂಜೆಲಾ ಎಂಬ ಒಂದೇ ಹೆಸರು. ಕೈಮಣಿಸುವ ಪಂದ್ಯದಲ್ಲಿ ಗೆಲ್ಲುವವನೇ ಅಧ್ಯಕ್ಷ. ಆ ಪಾತ್ರದಲ್ಲಿ ಡಬ್ಲ್ಯು. ಸಿ. ಫೀಲ್ಡ್ಸ್ ನಟಿಸಿದರು. ಬ್ರಷ್ ಮಾರಲು ಬಂದ ಅಮೆರಿಕನ್ ಯುವಕ ಅಧ್ಯಕ್ಷನ ಮಗಳಿಗೆ ಮನಸೋತು, ದೇಶದ ಬಲಿಷ್ಠ ಪ್ರಜೆಗಳನ್ನು ಒಲಿಂಪಿಕ್ಸ್‌ಗೆ ಕರೆದೊಯ್ದು ಬಹುಮಾನದ ಹಣದಿಂದ ಬೊಕ್ಕಸ ತುಂಬಿಸಲು ಹೊರಡುತ್ತಾನೆ. ಇದು ಬರಿಯ ಕಲ್ಪನೆಯಾಗಿರಲಿಲ್ಲ. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ನಡೆದ ಒಲಿಂಪಿಕ್ಸ್‌ಗೆ ಆರ್ಥಿಕ ಕುಸಿತದ ಕಾರಣ 37 ದೇಶಗಳಷ್ಟೇ ಬಂದವು. ಬ್ರೆಜಿಲ್ ತನ್ನ ಕ್ರೀಡಾಪಟುಗಳನ್ನು ಕಾಫಿ ಮೂಟೆಗಳ ಜೊತೆ ಹಡಗು ಹತ್ತಿಸಿ, ದಾರಿಯಲ್ಲಿ ಕಾಫಿ ಮಾರಿ ಖರ್ಚು ತೂಗಿಸುವ ಯೋಜನೆ ಹಾಕಿತ್ತು. ಚಿತ್ರದ ನಿರ್ಮಾಪಕ ಹರ್ಮನ್ ಮ್ಯಾಂಕೀವಿಚ್ ಮುಂದೆ ‘ಡಕ್ ಸೂಪ್’ ನಿರ್ಮಾಣದಲ್ಲೂ ಕೈಜೋಡಿಸಿದರು. ಅಧ್ಯಕ್ಷನ ಮಗಳಾಗಿ ನಟಿಸಿದ ಸೂಸನ್ ಫ್ಲೆಮಿಂಗ್ 1936ರಲ್ಲಿ ಹಾರ್ಪೊ ಮಾರ್ಕ್ಸ್‌ರನ್ನು ಮದುವೆಯಾದರು.

‘ಡಕ್ ಸೂಪ್’ ತಯಾರಾದ ವರ್ಷವೇ ದಿವಾಳಿಯ ವರ್ಷ. 1933ರ ಮಾರ್ಚ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅಮೆರಿಕದ ಎಲ್ಲ ಬ್ಯಾಂಕುಗಳಿಗೆ ಕಡ್ಡಾಯ ರಜೆ ಘೋಷಿಸಿದರು. ಆ ದೇಶದ ದುಡಿಯುವ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. 1931ರಲ್ಲಿ ಬೊಲಿವಿಯಾದಿಂದ ಆರಂಭಿಸಿ ಲ್ಯಾಟಿನ್ ಅಮೆರಿಕದ ಹಲವು ದೇಶಗಳು ಸಾಲ ತೀರಿಸಲಾಗದೆ ಕೈಚೆಲ್ಲಿದ್ದವು. ಎಲ್ಲಕ್ಕಿಂತ ಗಂಭೀರವಾದದ್ದು ನ್ಯೂಫೌಂಡ್‌ಲೆಂಡ್‌ನ ಪ್ರಸಂಗ. ಸಾಲದ ಬಡ್ಡಿಯನ್ನೂ ಕಟ್ಟಲಾಗದ ಆ ನಾಡು 1933ರ ಕೊನೆಯಲ್ಲಿ ತನ್ನ ಸ್ವಯಮಾಡಳಿತವನ್ನೇ ಬಿಟ್ಟುಕೊಡಲು ಒಪ್ಪಿತು. 1934ರ ಫೆಬ್ರುವರಿಯಿಂದ ಬ್ರಿಟನ್ ನೇಮಿಸಿದ ಆಯೋಗ ಅದನ್ನು ಆಳಿತು. ಸಾಲ ಕೊಟ್ಟವರು ಆಳುವವರನ್ನು ನೇಮಿಸುವ ಫ್ರೀಡೋನಿಯಾದ ಕಥೆ ತೆರೆಗೆ ಬಂದ ದಿನಗಳಲ್ಲೇ ಒಂದು ನಿಜವಾದ ಶಾಸನಸಭೆ ಬಾಗಿಲು ಮುಚ್ಚುತ್ತಿತ್ತು.

ಚಿತ್ರ ನಿರ್ಮಿಸಿದ ಪ್ಯಾರಮೌಂಟ್ ಸಂಸ್ಥೆಯೂ 1933ರ ಆರಂಭದಲ್ಲಿ ದಿವಾಳಿಯೆದ್ದು ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ತಮಗೆ ಸಲ್ಲಬೇಕಾದ ಹಣದ ವಿಚಾರದಲ್ಲಿ ಮಾರ್ಕ್ಸ್ ಸಹೋದರರು ಸಂಸ್ಥೆಯೊಂದಿಗೆ ಜಗಳವಾಡಿ ಹೊರನಡೆದು, ತಮ್ಮದೇ ಕಂಪನಿ ಕಟ್ಟುವ ಪ್ರಯತ್ನ ಮಾಡಿ, ರಾಜಿಯಾದ ಮೇಲೆ ಮರಳಿದರು. ಗ್ರೌಚೊ 1929ರ ಷೇರುಪೇಟೆ ಕುಸಿತದಲ್ಲಿ ತಮ್ಮ ಉಳಿತಾಯವನ್ನೆಲ್ಲ ಕಳೆದುಕೊಂಡವರು. ಕಥೆ, ಹಾಡುಗಳನ್ನು ಬರ್ಟ್ ಕಾಲ್ಮರ್ ಮತ್ತು ಹ್ಯಾರಿ ರೂಬಿ ಬರೆದರು. ಸಂಭಾಷಣೆಗೆ ಆರ್ಥರ್ ಶೀಕ್‌ಮನ್ ಮತ್ತು ನ್ಯಾಟ್ ಪೆರಿನ್ ನೆರವಾದರು. ನಿರ್ದೇಶನಕ್ಕೆ ಮೊದಲು ಅರ್ನ್‌ಸ್ಟ್ ಲ್ಯೂಬಿಚ್ ಹೆಸರು ಕೇಳಿಬಂದಿತ್ತು. ಮರುವರ್ಷ ‘ದಿ ಮೆರ್‍ರಿ ವಿಡೋ’ವನ್ನು ಚಿತ್ರವಾಗಿಸಿದ್ದು ಅದೇ ಲ್ಯೂಬಿಚ್. ಕೊನೆಗೆ ಈ ಕೆಲಸ ಲಾರೆಲ್ ಮತ್ತು ಹಾರ್ಡಿ ಜೋಡಿಯ ಮೂಕಿಚಿತ್ರಗಳಲ್ಲಿ ಪಳಗಿದ್ದ ಮೆಕೇರಿಯ ಪಾಲಾಯಿತು.

ಕಥೆ ಹೀಗೆ ಸಾಗುತ್ತದೆ. ಸಿರಿವಂತ ವಿಧವೆ ಶ್ರೀಮತಿ ಟೀಸ್‌ಡೇಲ್ ಗಂಡ ಬಿಟ್ಟುಹೋದ ಆಸ್ತಿಯ ಅರ್ಧಕ್ಕಿಂತ ಹೆಚ್ಚನ್ನು ಈಗಾಗಲೇ ಫ್ರೀಡೋನಿಯಾಕ್ಕೆ ಸಾಲವಾಗಿ ಕೊಟ್ಟಾಗಿದೆ. ಇನ್ನಷ್ಟು ಬೇಕಾದರೆ ರೂಫಸ್ ಟಿ. ಫೈರ್‌ಫ್ಲೈ ನಾಯಕನಾಗಬೇಕು ಎಂಬುದು ಆಕೆಯ ಷರತ್ತು. ಸ್ವಾಗತ ಸಮಾರಂಭದಲ್ಲಿ ಕತ್ತಿ ಹಿಡಿದ ಕಾವಲುಗಾರರು ಸಾಲಾಗಿ ನಿಂತು ಕಾಯುತ್ತಿದ್ದರೆ, ಫೈರ್‌ಫ್ಲೈ ಮಹಡಿಯ ಕಂಬದಿಂದ ಜಾರಿ ಬಂದು ಅದೇ ಸಾಲಿನ ಕೊನೆಯಲ್ಲಿ ನಿಂತು ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳುತ್ತಾನೆ. ಮಂತ್ರಿಮಂಡಲದಲ್ಲಿ ಬೊಕ್ಕಸದ ವರದಿ ಕೈಗೆ ಬಂದಾಗ, ಇದು ನಾಲ್ಕು ವರ್ಷದ ಮಗುವಿಗೂ ಅರ್ಥವಾಗುತ್ತದೆ ಎನ್ನುತ್ತಾನೆ. ಮರುಕ್ಷಣ ನಾಲ್ಕು ವರ್ಷದ ಮಗುವೊಂದನ್ನು ಹುಡುಕಿ ತರಲು ಹೇಳುತ್ತಾನೆ. ನೆರೆಯ ಸಿಲ್ವೇನಿಯಾದ ರಾಯಭಾರಿ ಟ್ರೆಂಟಿನೊ ಟೀಸ್‌ಡೇಲ್‌ಳನ್ನು ಮದುವೆಯಾಗಿ ದೇಶವನ್ನೇ ನುಂಗಲು ಹೊಂಚುಹಾಕಿ, ಚಿಕೊಲಿನಿ ಮತ್ತು ಪಿಂಕಿ ಎಂಬ ಇಬ್ಬರು ಗೂಢಚಾರರನ್ನು ಬಿಡುತ್ತಾನೆ.

ಯುದ್ಧ ಹುಟ್ಟುವ ದೃಶ್ಯ ಚಿತ್ರದ ತಿರುಳು. ಸಂಧಾನಕ್ಕೆಂದು ಟ್ರೆಂಟಿನೊನನ್ನು ಕರೆಸಲಾಗಿದೆ. ಫೈರ್‌ಫ್ಲೈ ಸ್ನೇಹದ ಕೈಚಾಚಲು ಸಂತೋಷದಿಂದ ಒಪ್ಪುತ್ತಾನೆ. ಕಾಯುವಾಗ ಅವನಿಗೊಂದು ಸಂಶಯ ಮೂಡುತ್ತದೆ: ತಾನು ಚಾಚಿದ ಕೈಯನ್ನು ಅವನು ಹಿಡಿಯದಿದ್ದರೆ? ಆಗ ತನ್ನ ಮಾನವೇನು, ದೇಶದ ಮಾನವೇನು? ಎದುರಿಗೆ ಇಲ್ಲದವನ ಮೇಲೆ ಮಾತಿನಿಂದ ಮಾತಿಗೆ ಸಿಟ್ಟೇರುತ್ತದೆ. ಟ್ರೆಂಟಿನೊ ಒಳಗೆ ಬರುತ್ತಿದ್ದಂತೆಯೇ ಕಪಾಳಮೋಕ್ಷವಾಗುತ್ತದೆ. ಮೊದಲ ಮಹಾಯುದ್ಧ ಮುಗಿದು ಹದಿನೈದು ವರ್ಷವಾಗಿದ್ದ ಆ ಹೊತ್ತಿನಲ್ಲಿ, ದೊಡ್ಡವರ ಪ್ರತಿಷ್ಠೆಗೆ ಯುದ್ಧಗಳು ಹೇಗೆ ಹೊತ್ತಿಕೊಳ್ಳುತ್ತವೆ ಎಂಬುದನ್ನು ಪ್ರೇಕ್ಷಕರಿಗೆ ವಿವರಿಸಿ ಹೇಳಬೇಕಿರಲಿಲ್ಲ. ರಣರಂಗದಲ್ಲಿ ಫೈರ್‌ಫ್ಲೈನ ಸಮವಸ್ತ್ರ ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತದೆ. ಅಮೆರಿಕದ ಅಂತರ್ಯುದ್ಧದ ಎರಡೂ ಪಕ್ಷಗಳ ಉಡುಪು, ಸ್ಕೌಟ್ ನಾಯಕನ ಉಡುಪು ಎಲ್ಲವೂ ಅವನ ಮೈಮೇಲೆ ಬರುತ್ತವೆ. ಅವನು ಮಷಿನ್‌ಗನ್ನಿನಿಂದ ತನ್ನ ಸೈನಿಕರ ಮೇಲೆಯೇ ಗುಂಡು ಹಾರಿಸುತ್ತಾನೆ. ನೆರವು ಬರುತ್ತಿದೆ ಎಂದಾಗ ತೆರೆಯ ಮೇಲೆ ಅಗ್ನಿಶಾಮಕ ವಾಹನಗಳು, ಓಟಗಾರರು, ಈಜುಗಾರರು, ಆನೆಗಳು ಸಾಲುಗಟ್ಟಿ ಓಡುತ್ತವೆ.

ಪಾತ್ರವರ್ಗದ ಹೊಂದಾಣಿಕೆಯೇ ಚಿತ್ರದ ಬಲ. ನ್ಯೂಯಾರ್ಕಿನ ಬಡ ಯಹೂದಿ ವಲಸಿಗ ಕುಟುಂಬದಲ್ಲಿ ಹುಟ್ಟಿ, ವೋಡ್ವಿಲ್ ರಂಗಭೂಮಿಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಬಂದ ಸಹೋದರರಿಗೆ ತಂತಮ್ಮ ವರಸೆ ಸಿದ್ಧಿಸಿತ್ತು. ಬಣ್ಣದಲ್ಲಿ ಬರೆದ ಮೀಸೆ, ಚುರುಟು, ಬಗ್ಗಿದ ನಡಿಗೆಯ ಗ್ರೌಚೊ ಫೈರ್‌ಫ್ಲೈ ಆದರು. ಇಟಾಲಿಯನ್ ಧಾಟಿಯ ಇಂಗ್ಲಿಷಿನ ಚಿಕೊ, ಕಡಲೆಕಾಯಿ ಮಾರುವ ಗೂಢಚಾರ ಚಿಕೊಲಿನಿ. ಮುಂದೆ ಅವನೇ ಯುದ್ಧಮಂತ್ರಿಯಾಗುತ್ತಾನೆ. ತೆರೆಯ ಮೇಲೆ ಒಂದು ಮಾತೂ ಆಡದ ಹಾರ್ಪೊ, ಕಂಡದ್ದನ್ನೆಲ್ಲ ಕತ್ತರಿಯಿಂದ ಕತ್ತರಿಸುವ ಪಿಂಕಿ. ಕಿರಿಯ ಜೆಪ್ಪೊ ನಾಯಕನ ಕಾರ್ಯದರ್ಶಿ ಬಾಬ್ ರೋಲಂಡ್. ಇದಾದ ಮೇಲೆ ಅವರು ನಟನೆ ಬಿಟ್ಟು ಕಲಾವಿದರ ಏಜೆಂಟ್ ಆದರು.

ಟೀಸ್‌ಡೇಲ್ ಪಾತ್ರದ ಮಾರ್ಗರೆಟ್ ಡುಮಾಂಟ್ ಮಾರ್ಕ್ಸ್ ಸಹೋದರರ ಏಳು ಚಿತ್ರಗಳಲ್ಲಿ ನಟಿಸಿದವರು. ಎಷ್ಟೇ ಅವಮಾನದ ಮಾತು ಬಿದ್ದರೂ ಗಾಂಭೀರ್ಯ ಕದಡದ ಅವರ ನಿಲುವು ಇಲ್ಲದಿದ್ದರೆ ಗ್ರೌಚೊನ ಮಾತಿಗೆ ಅರ್ಧ ಮೊನಚೂ ಇರುತ್ತಿರಲಿಲ್ಲ. ಟ್ರೆಂಟಿನೊ ಪಾತ್ರಕ್ಕೆ ಲೂಯಿ ಕಾಲ್ಹರ್ನ್, ನರ್ತಕಿ ಗೂಢಚಾರಿಣಿ ವೆರಾಳ ಪಾತ್ರಕ್ಕೆ ಮೆಕ್ಸಿಕೊ ಮೂಲದ ರಾಕೆಲ್ ಟೊರೆಸ್ ಬಂದರು. ಸರ್ಕಾರಿ ವಕೀಲನಾಗಿ ನಟಿಸಿದ ಚಾರ್ಲ್ಸ್ ಮಿಡಲ್ಟನ್ ಮುಂದೆ ‘ಫ್ಲ್ಯಾಶ್ ಗಾರ್ಡನ್’ ಸರಣಿಯ ಖಳನಾಯಕನಾಗಿ ಹೆಸರು ಮಾಡಿದರು. ನಿಂಬೆ ಪಾನಕದ ಗಾಡಿಯವನ ಪಾತ್ರ ಎಡ್ಗರ್ ಕೆನಡಿಯದು. ಚಿಕೊ ಮತ್ತು ಹಾರ್ಪೊ ಅವನ ಟೋಪಿಯನ್ನು ಅದಲುಬದಲು ಮಾಡಿ ಕಾಡಿಸಿ, ಕೊನೆಗೆ ಕಡಲೆಕಾಯಿ ಒಲೆಯಲ್ಲಿ ಸುಡುತ್ತಾರೆ. ಮುಂದಿನ ಭೇಟಿಯಲ್ಲಿ ಹಾರ್ಪೊ ಷರಾಯಿ ಮಡಚಿ ಪಾನಕದ ತೊಟ್ಟಿಗೇ ಇಳಿಯುತ್ತಾನೆ, ಗಿರಾಕಿಗಳು ದಿಕ್ಕಾಪಾಲಾಗುತ್ತಾರೆ. ಕೆನಡಿಯ ಮುಖದಲ್ಲಿ ಸಿಟ್ಟು ಇಂಚಿಂಚಾಗಿ ಏರುವ ಪರಿ ಮೂಕಿಚಿತ್ರ ಕಾಲದ ಕಸುಬುಗಾರಿಕೆ.

ಕನ್ನಡಿ ದೃಶ್ಯ ಆ ಕಸುಬಿನ ತುತ್ತತುದಿ. ಫೈರ್‌ಫ್ಲೈ ವೇಷದಲ್ಲಿ ಕಳ್ಳತನಕ್ಕೆ ಬಂದ ಪಿಂಕಿ ದೊಡ್ಡ ಕನ್ನಡಿಗೆ ಢಿಕ್ಕಿ ಹೊಡೆದು ಪುಡಿಮಾಡುತ್ತಾನೆ. ಸದ್ದು ಕೇಳಿ ಬಂದ ನಿಜವಾದ ಫೈರ್‌ಫ್ಲೈ ಎದುರು, ಖಾಲಿ ಚೌಕಟ್ಟಿನಾಚೆ ಪಿಂಕಿ ಅದೇ ನಿಲುವಂಗಿ, ಅದೇ ಟೋಪಿ, ಅದೇ ಮೀಸೆಯಲ್ಲಿ ನಿಂತು ಪ್ರತಿಬಿಂಬದಂತೆ ಚಲಿಸುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ಒಬ್ಬನ ಕೈಯಿಂದ ಟೋಪಿ ಬಿದ್ದಾಗ ಇನ್ನೊಬ್ಬ ಎತ್ತಿಕೊಡುತ್ತಾನೆ, ಆದರೂ ಆಟ ನಿಲ್ಲುವುದಿಲ್ಲ. ಅದೇ ವೇಷದ ಚಿಕೊಲಿನಿ ನಡುವೆ ನುಗ್ಗಿದಾಗಷ್ಟೇ ಗುಟ್ಟು ರಟ್ಟಾಗುತ್ತದೆ. ಈ ಆಟ ಹಳೆಯ ರಂಗಭೂಮಿಯದು. ಫ್ರಾನ್ಸಿನ ಮ್ಯಾಕ್ಸ್ ಲಿಂಡರ್ 1921ರಲ್ಲೇ ಇದನ್ನು ತೆರೆಗೆ ತಂದಿದ್ದರು. ಆದರೆ ಆಳುವವನಿಗೂ ಕಳ್ಳನಿಗೂ ವ್ಯತ್ಯಾಸ ಹುಡುಕುವ ಕಥೆಯೊಳಗೆ ಅದು ಹೊಸ ಅರ್ಥ ಪಡೆಯಿತು.

ಬಿಡುಗಡೆಯ ಕಾಲದಲ್ಲಿ ಚಿತ್ರಕ್ಕೆ ಸಿಕ್ಕ ಸ್ವಾಗತ ಮಿಶ್ರವಾಗಿತ್ತು. ಸಹೋದರರದೇ ಹಿಂದಿನ ವರ್ಷದ ‘ಹಾರ್ಸ್ ಫೆದರ್ಸ್’ಗೆ ಸೇರಿದಷ್ಟು ಜನ ಸೇರಲಿಲ್ಲ. ಹಸಿವು, ನಿರುದ್ಯೋಗದ ನಡುವೆ ರೂಸ್‌ವೆಲ್ಟ್ ಆಡಳಿತದಲ್ಲಿ ಭರವಸೆ ಇಟ್ಟಿದ್ದ ಜನರಿಗೆ ಸರ್ಕಾರಗಳನ್ನೆಲ್ಲ ಗೇಲಿ ಮಾಡುವ ಚಿತ್ರ ಒಗ್ಗಲಿಲ್ಲವೆಂಬ ವಿವರಣೆಯಿದೆ. ಮುಸೊಲಿನಿಯ ಇಟಲಿ ಚಿತ್ರವನ್ನು ನಿಷೇಧಿಸಿತು. ನ್ಯೂಯಾರ್ಕ್ ರಾಜ್ಯದ ಫ್ರೆಡೋನಿಯಾ ಎಂಬ ಊರು ತನ್ನ ಹೆಸರು ಕೆಡುತ್ತದೆಂದು ಆಕ್ಷೇಪಿಸಿದಾಗ, ಊರೇ ಹೆಸರು ಬದಲಿಸಿಕೊಳ್ಳಲಿ ಎಂಬ ಉತ್ತರ ಬಂತು. ಪ್ಯಾರಮೌಂಟ್‌ನೊಂದಿಗಿನ ನಂಟು ಅಲ್ಲಿಗೆ ಮುಗಿಯಿತು. ಜೆಪ್ಪೊ ಬಿಟ್ಟು ಉಳಿದ ಮೂವರು ಎಂಜಿಎಂ ಸಂಸ್ಥೆ ಸೇರಿ 1935ರಲ್ಲಿ ‘ಎ ನೈಟ್ ಅಟ್ ದಿ ಒಪೆರಾ’ ಮಾಡಿದರು. ‘ಡಕ್ ಸೂಪ್’ ಮತ್ತೆ ಬೆಳಕಿಗೆ ಬಂದದ್ದು 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ಕಾಲೇಜು ವಿದ್ಯಾರ್ಥಿಗಳಿಂದ. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಅದು ಸೇರ್ಪಡೆಯಾಯಿತು.

ದಿವಾಳಿ ದೇಶದ ಕಥೆ ಎರಡನೇ ಮಹಾಯುದ್ಧದ ಬಳಿಕ ಹೊಸ ರೂಪ ತಾಳಿತು. ಐರಿಷ್ ಲೇಖಕ ಲೆನರ್ಡ್ ವಿಬರ್ಲಿಯ 1955ರ ಕಾದಂಬರಿಯನ್ನು ಆಧರಿಸಿ ಜ್ಯಾಕ್ ಆರ್ನಲ್ಡ್ ನಿರ್ದೇಶಿಸಿದ ‘ದಿ ಮೌಸ್ ದಟ್ ರೋರ್ಡ್’ 1959ರಲ್ಲಿ ಬಂತು. ಆಲ್ಪ್ಸ್‌ನ ಗ್ರ್ಯಾಂಡ್ ಫೆನ್‌ವಿಕ್ ದೇಶ ದ್ರಾಕ್ಷಾರಸ ಮಾರಿ ಬದುಕುತ್ತಿದೆ. ಕ್ಯಾಲಿಫೋರ್ನಿಯಾದ ಅಗ್ಗದ ನಕಲು ಅದನ್ನು ದಿವಾಳಿಗೆ ತಳ್ಳುತ್ತದೆ. ಸೋತ ಶತ್ರುವಿಗೆ ಅಮೆರಿಕ ಉದಾರವಾಗಿ ನೆರವು ಕೊಡುತ್ತದೆ ಎಂದು ಲೆಕ್ಕಹಾಕಿ, ಸೋಲುವುದಕ್ಕೆಂದೇ ಅದು ಯುದ್ಧ ಸಾರುತ್ತದೆ. ಬಿಲ್ಲುಬಾಣ ಹಿಡಿದು ನ್ಯೂಯಾರ್ಕಿಗೆ ಇಳಿದವರಿಗೆ ವಾಯುದಾಳಿ ಅಭ್ಯಾಸದಿಂದ ನಿರ್ಜನವಾದ ನಗರ ಎದುರಾಗುತ್ತದೆ. ಭಯಾನಕ ಬಾಂಬ್ ಮತ್ತು ಅದನ್ನು ರೂಪಿಸಿದ ವಿಜ್ಞಾನಿ ಅವರ ವಶವಾಗಿ, ದೇಶ ಆಕಸ್ಮಿಕವಾಗಿ ಗೆದ್ದುಬಿಡುತ್ತದೆ. 1948ರಿಂದ ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ಹರಿಸಿದ ಮಾರ್ಷಲ್ ಯೋಜನೆಯ ನೆನಪು ಆಗ ಹಸಿಯಾಗಿತ್ತು. ಡಚೆಸ್ ಗ್ಲೋರಿಯಾನಾ, ಪ್ರಧಾನಿ ಮೌಂಟ್‌ಜಾಯ್, ಸೇನಾನಿ ಟಲ್ಲಿ ಬ್ಯಾಸ್ಕಂ ಎಂಬ ಮೂರು ಪಾತ್ರಗಳನ್ನೂ ಪೀಟರ್ ಸೆಲರ್ಸ್ ಒಬ್ಬರೇ ನಿರ್ವಹಿಸಿದರು. ವಿಜ್ಞಾನಿಯಾಗಿ ಡೇವಿಡ್ ಕೊಸಾಫ್, ಅವನ ಮಗಳಾಗಿ ಜೀನ್ ಸೀಬರ್ಗ್ ನಟಿಸಿದರು. ಐದು ವರ್ಷಗಳ ನಂತರ ಸ್ಟ್ಯಾನ್ಲಿ ಕೂಬ್ರಿಕ್‌ನ ‘ಡಾಕ್ಟರ್ ಸ್ಟ್ರೇಂಜ್‌ಲವ್’ನಲ್ಲಿ ಸೆಲರ್ಸ್ ಮತ್ತೆ ಮೂರು ಪಾತ್ರ ವಹಿಸಿ, ಅಣುಬಾಂಬಿನ ವಿಡಂಬನೆಯನ್ನು ಇನ್ನೂ ಕರಾಳವಾದ ತುದಿಗೆ ಒಯ್ದರು.

1905ರಲ್ಲಿ ಮದುವೆ, 1932ರಲ್ಲಿ ಕ್ರೀಡೆ, 1933ರಲ್ಲಿ ವಿಧವೆಯ ಸಾಲ, 1959ರಲ್ಲಿ ಸೋಲಿನ ಪರಿಹಾರ: ಬೊಕ್ಕಸ ತುಂಬಿಸುವ ಉಪಾಯವನ್ನು ಒಂದೊಂದು ಕಾಲವೂ ತನ್ನ ಅನುಭವದಿಂದಲೇ ಆರಿಸಿಕೊಂಡಿತು. ಇವುಗಳಲ್ಲಿ ‘ಡಕ್ ಸೂಪ್’ ಮಾತ್ರ ಸಮಸ್ಯೆಗೆ ಪರಿಹಾರ ಕೊಡುವುದಿಲ್ಲ. ಯುದ್ಧ ಶುರುವಾದ ಮೇಲೆ ಕಥೆ ಮರಳಿ ಬೊಕ್ಕಸದ ಕಡೆ ತಿರುಗುವುದೇ ಇಲ್ಲ. ಗೆಲುವಿನ ಸಂಭ್ರಮದಲ್ಲಿ ರಾಷ್ಟ್ರಗೀತೆ ಹಾಡಲು ಶುರುಮಾಡಿದ ಟೀಸ್‌ಡೇಲ್ ಮೇಲೆ ನಾಯಕರು ಹಣ್ಣು ಎಸೆಯುತ್ತಾರೆ. ಪ್ರಜೆಗಳು ಆರಂಭದಿಂದ ಕೊನೆಯವರೆಗೆ ಗುಂಪಾಗಿ ಹಾಡುವುದಕ್ಕಷ್ಟೇ ಸೀಮಿತ. ತಮ್ಮ ಹೆಸರಿನಲ್ಲಿ ಮಾಡಿದ ಸಾಲದ ಬಗ್ಗೆ ಅವರನ್ನು ಯಾರೂ ಕೇಳಲಿಲ್ಲ, ಯುದ್ಧದ ಬಗ್ಗೆಯೂ ಕೇಳಲಿಲ್ಲ. ಆ ಅನ್ಯಾಯವನ್ನು ನಗೆಯೊಳಗಿಟ್ಟು ಕಾಣುವಂತೆ ಮಾಡಿದ್ದರಿಂದಲೇ ಚಿತ್ರ ತನ್ನ ಕಾಲದ ಆಚೆಗೂ ಉಳಿದಿದೆ.